ಬೆರಳು ಇಡುವ ಜಾಗ

ನಮ್ಮ ಮನೆಯಲ್ಲಿ ಎತ್ತು ಕಟ್ಟುವ ಅಂಕಣದಲ್ಲಿ ಮೋಟಾರು ನಿಲ್ಲುತ್ತಿತ್ತು. ಕೊಪ್ಪಳದ ಎಲ್ಲ ಹಳೆಯ ಮನೆಗಳಂತೆ ನಮ್ಮದೂ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ತಲೆಬಾಗಿಲು ದಾಟಿದ ಕೂಡಲೇ ದನದ ಅಂಕಣ, ಅದರಾಚೆ ಒಂದು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ, ಪಡಸಾಲೆಯ ಮೂಲೆಯಲ್ಲಿ ದೇವರ ಜಗುಲಿ, ಹಿಂದೆ ಅಡಿಗೆಮನೆ. ಅಪ್ಪ ಎತ್ತು ಮಾರಿ, ಯಾರೋ ದೊಡ್ಡವರು ಓಡಿಸಿ ಬೇಸತ್ತು ಬಿಟ್ಟ ಒಂದು ಹಳೆಯ ಮೋಟಾರು ಗಾಡಿಯನ್ನು ತಂದಿದ್ದ. ಮೇಲೆ ಬಟ್ಟೆಯ ಮುಚ್ಚಳ, ಮುಂದೆ ಹಿತ್ತಾಳೆಯ ಹೊಳಪು ಉಳಿದ ಎರಡು ದೀಪ. ದನಕ್ಕೆ ಮೇವು ಹಾಕುವ ಗೋದಲಿಯಲ್ಲಿ ಅವನ ನಟ್ಟು ಬಿಗಿಯುವ ಪಾನಾಗಳು, ಸುತ್ತಿಗೆ, ಎಣ್ಣೆ ಡಬ್ಬಿ. ರೈಲು ಬರುವ ಹೊತ್ತಿಗೆ ಸ್ಟೇಷನ್ನಿಗೆ ಹೋಗಿ ನಿಂತು ಕುಷ್ಟಗಿಗೋ ಯಲಬುರ್ಗಿಗೋ ಗಂಗಾವತಿಗೋ ಬಾಡಿಗೆ ಹಿಡಿಯುತ್ತಿದ್ದ. ಅವ್ವ ದಿನಾ ಬೆಳಿಗ್ಗೆ ಆ ಅಂಕಣವನ್ನು ಸೆಗಣಿಯಿಂದ ಸಾರಿಸಿ, ಮೋಟಾರಿನ ಮೂತಿಯ ಕೆಳಗೆ ಬಗ್ಗಿ ನೋಡುತ್ತಿದ್ದಳು. ಸಾರಿಸಿದ ನೆಲ ಒಣಗಿದ ಮೇಲೆ ಅಲ್ಲಿ ಕಪ್ಪನೆಯ ಒದ್ದೆ ಕಾಣದಿದ್ದರೆ, ಜಗುಲಿಯ ಕಡೆ ತಿರುಗಿ ಕೈ ಮುಗಿಯುವಳು. ನೀರು ಸೋರಿಲ್ಲ ಎಂದರೆ ಆ ದಿನ ಒಲೆ ಉರಿಯುತ್ತದೆ ಎಂದು ಅರ್ಥ. ಶಿವನ ದಯೆಯನ್ನು ಸಣ್ಣ ಸಣ್ಣದರಲ್ಲಿ ಹುಡುಕುವ ಈ ಚಟ ನನಗೆ ಬಂದದ್ದು ಆ ನೆಲದಿಂದಲೇ.

ಮೋಟಾರಿನ ಮೂತಿಯಲ್ಲಿ ಇರುವುದು ರೇಡಿಯೇಟರು. ನಮ್ಮ ಮನೆಯಲ್ಲಿ ಅದಕ್ಕೆ ನೀರಿನ ಪೆಟ್ಟಿಗೆ ಎಂದೇ ಹೆಸರು. ಅದು ಎರಡು ಕಾಲುಗಳ ಮೇಲೆ ನಿಂತಿರುತ್ತದೆ. ಒಂದೊಂದು ಕಾಲಿನ ಕೆಳಗೂ ಒಂದು ರಬ್ಬರಿನ ತುಂಡು, ಅದರ ಕೆಳಗೆ ಮೋಟಾರಿನ ಕಬ್ಬಿಣದ ತೊಲೆ, ಮೂರನ್ನೂ ಸೇರಿಸಿ ಒಂದು ಬೋಲ್ಟು, ನಟ್ಟು. ನಮ್ಮ ಕಡೆಯ ದಾರಿಗಳೆಂದರೆ ಕಲ್ಲು, ಹಳ್ಳ, ಮತ್ತೆ ಕಲ್ಲು. ಆ ರಬ್ಬರು ಸವೆದರೆ ಅಥವಾ ನಟ್ಟು ಸಡಿಲಾದರೆ ಪೆಟ್ಟಿಗೆ ಕುಣಿಯುತ್ತದೆ. ಕುಣಿದು ಕುಣಿದು ತಳದ ಬೆಸುಗೆ ಬಿಡುತ್ತದೆ, ಇಲ್ಲವೆ ಹಿಂದೆ ತಿರುಗುವ ಪಂಕಕ್ಕೆ ಹೋಗಿ ಬಡಿಯುತ್ತದೆ. ಅದಕ್ಕೇ ಪ್ರತಿ ಅಮಾವಾಸ್ಯೆ, ಮೋಟಾರಿಗೆ ವಿಭೂತಿ ಹಚ್ಚುವ ಮೊದಲು, ಅಪ್ಪ ಅದರ ಕಾಲು ನೋಡುತ್ತಿದ್ದ. ವಿಭೂತಿ ಹಚ್ಚಿದ ಮೇಲೆ ಅದು ದೇವರಾಯಿತು, ಹಿಡಿದು ಅಲ್ಲಾಡಿಸಬಾರದು ಎಂಬುದು ಆಯಿಯ ಕಟ್ಟಳೆ. ಆಯಿ ಎಂದರೆ ಅಪ್ಪನ ತಾಯಿ. ಮೋಟಾರು ತಣ್ಣಗಿರುವಾಗ ಅಪ್ಪ ಪೆಟ್ಟಿಗೆಯ ಎರಡೂ ಭುಜ ಹಿಡಿದು ಹಿಂದೆ ಮುಂದೆ ಅಲ್ಲಾಡಿಸುವನು. ಅದೇ ಹೊತ್ತಿಗೆ ಇನ್ನೊಬ್ಬರು ಕೆಳಗೆ ಸಂದಿಯಲ್ಲಿ ಕೈ ತೂರಿಸಿ, ಕಾಲೂ ತೊಲೆಯೂ ಕೂಡುವ ಜಾಗದಲ್ಲಿ ಬೆರಳಿಡಬೇಕು. ಅರ್ಧ ಬೆರಳು ಕಾಲಿನ ಮೇಲೆ, ಅರ್ಧ ತೊಲೆಯ ಮೇಲೆ. ಎರಡೂ ಕೂಡಿ ಹೋದರೆ ಸರಿ. ಒಂದು ಜಾರಿ ಇನ್ನೊಂದು ನಿಂತರೆ ಸಡಿಲು. ಅಪ್ಪನ ದಪ್ಪ ಕೈ ಆ ಸಂದಿಯಲ್ಲಿ ಹೋಗುತ್ತಿರಲಿಲ್ಲ. ನನ್ನದು ಹೋಗುತ್ತಿತ್ತು.

"ಪಾರೀ, ಬೆರಳ ಇಟ್ಟಿ?"

"ಇಟ್ಟೀನಪ್ಪ."

"ಹಾಂ, ಅಳ್ಳಾಡಸ್ತೀನಿ ನೋಡು. ಏನಂತೈತಿ?"

"ಕುಂತೈತಪ್ಪ. ಗಟ್ಟಿ ಕುಂತೈತಿ."

ಆ "ಕುಂತೈತಿ" ಎಂಬ ಮಾತಿಗಾಗಿ ಮನೆಯೆಲ್ಲ ಕಾಯುತ್ತಿತ್ತು. ಅವ್ವ ಆರತಿ ತಟ್ಟೆ ಹಿಡಿದು ಪಡಸಾಲೆಯ ಮೆಟ್ಟಿಲ ಮೇಲೆ, ಆಯಿ ಜಗುಲಿಯ ಹತ್ತಿರ. ನಾನು ಹೇಳುವ ತನಕ ದೀಪ ಹೊತ್ತುತ್ತಿರಲಿಲ್ಲ. ಮಕ್ಕಳನ್ನು, ಅದರಲ್ಲೂ ಹೆಣ್ಣು ಮಕ್ಕಳನ್ನು, ಯಾರಾದರೂ ಏನಾದರೂ ಕೇಳುತ್ತಿದ್ದ ಕಾಲವೇ ಅದು? ತಿಂಗಳಿಗೊಮ್ಮೆ ನನ್ನನ್ನು ಕೇಳುತ್ತಿದ್ದರು. ಪೂರ್ತಿ ಅಲ್ಲಾಡಬಾರದು ಎಂದಲ್ಲ. ರಬ್ಬರು ಒಂಚೂರು ಮೆತ್ತಗೆ ಹೋಗಿ ಮೆತ್ತಗೆ ಬರಬೇಕು. ಅದು ಉಸಿರಾಡಿದಂತೆ ಇರುತ್ತದೆ. ಸಡಿಲಾಗಿದ್ದರೆ ಟಕ್ಕೆಂದು ಬೆರಳಿಗೆ ಬಡಿಯುತ್ತದೆ. ಈ ಎರಡರ ನಡುವಿನ ಅಂತರ ನನ್ನ ಬೆರಳಿಗೆ ಮಾತ್ರ ಗೊತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ನೀಲವ್ವ ಅವ್ವನ ಬೆನ್ನಿಗೆ ಬಿದ್ದ ತಂಗಿ. ಬೆನ್ನಿಗೆ ಎಂದರೂ ನಡುವೆ ಭಾಳ ಅಂತರ. ನನಗಿಂತ ಆರೇಳು ವರ್ಷ ದೊಡ್ಡವಳು ಅಷ್ಟೆ. ಕುಷ್ಟಗಿ ಕಡೆಯ ಅವ್ವನ ತವರಿಗೆ ಹೋದಾಗಲೆಲ್ಲ ನಾನು ಮಲಗುತ್ತಿದ್ದುದು ಅವಳ ಕೌದಿಯೊಳಗೆ. ಕೊನೆಯದೊಂದು ಬಿಟ್ಟು ನನ್ನ ಹಾಲುಹಲ್ಲುಗಳನ್ನೆಲ್ಲ ಕಿತ್ತವಳು ಅವಳು. ಕಿತ್ತು ಸೆಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆದು, ಬೆಲ್ಲ ಕೊಡುವಳು. ಅವ್ವನಿಗೆ ನಾನಾದ ಮೇಲೆ ಮಕ್ಕಳಾಗಲಿಲ್ಲ. ಆಯಿ ಗಂಡು ಕೂಸು ಗಂಡು ಕೂಸು ಎಂದು ಜಪ ಮಾಡಿದಳು. ಹೊರಗಿನವಳು ಬಂದು ತಲೆಯ ಮೇಲೆ ಕೂಡುವುದಕ್ಕಿಂತ ತಂಗಿಯೇ ಬರಲಿ ಎಂದು ಅವ್ವ ತಾನೇ ತವರಿಗೆ ಹೋಗಿ ಕೇಳಿದಳು. ಹೀಗೆ ನನ್ನ ಚಿಗವ್ವ ನನ್ನ ಅಪ್ಪನ ಹೆಂಡತಿಯಾಗಿ, ನಮ್ಮದೇ ಮೋಟಾರಿನಲ್ಲಿ ಕೂತು, ನಮ್ಮ ಮನೆಗೆ ಬಂದಳು. ಬಾಗಿಲಲ್ಲಿ ಅವ್ವನೇ ನಿಂತು ಆರತಿ ಎತ್ತಿದಳು. ಅವ್ವನಿಗೆ ಹೊಟ್ಟೆಕಿಚ್ಚು ಬರಲಿಲ್ಲ. ಇದು ಹೇಗೆ ಸಾಧ್ಯ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಮನೆಗೆ ಬರಬೇಕಾಗಿದ್ದ ಹೊಟ್ಟೆಕಿಚ್ಚೆಲ್ಲ ನನ್ನೊಬ್ಬಳಿಗೇ ಬಂತು.

ಮೊದಲು ನನ್ನ ಕೈತಪ್ಪಿ ಹೋದದ್ದು ಅವ್ವ. ಅಕ್ಕತಂಗಿಯರು ಒಂದೇ ಒಲೆಯ ಮುಂದೆ ಕೂತು, ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಬೇಯಿಸುತ್ತ, ತವರಿನ ಮಾತು ಆಡಿಕೊಂಡು ನಗುವರು. ನಾನು ಹೋದರೆ, "ನೀ ಹೊರಗ ಆಡಹೋಗ ಪಾರಿ, ದೊಡ್ಡವರ ಮಾತ ಕೇಳಬಾರದು" ಎನ್ನುವರು. ಮೊನ್ನೆಯ ತನಕ ಅವಳೂ ನನ್ನೊಡನೆ ಹೊರಗೆ ಆಡುತ್ತಿದ್ದವಳೇ. ರೊಟ್ಟಿಯಲ್ಲಿ ತೆಳ್ಳಗೆ ಉಬ್ಬಿದ್ದು ಅಪ್ಪನ ತಾಟಿಗೆ, ಎರಡನೆಯದು ನನಗೆ, ಇದು ನಮ್ಮ ಮನೆಯ ರೀತಿ. ಅವಳು ಬಂದ ಮೇಲೂ ಎರಡನೆಯದು ನನಗೇ ಬರುತ್ತಿತ್ತು. ಆದರೆ ಬಡಿದವಳು ಅವಳೆಂದು ತಿಳಿದು ನಾನು ತಿನ್ನದೆ ಅಂಚು ಮುರಿದು ಬಿಡುತ್ತಿದ್ದೆ. ಅವಳು ಅದನ್ನೆತ್ತಿಕೊಂಡು ಶೇಂಗಾ ಹಿಂಡಿ ಹಚ್ಚಿ ತಾನೇ ತಿನ್ನುವಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯುತ್ತಿರಲಿಲ್ಲ.

ಆಮೇಲೆ ಬಂದದ್ದು ಆ ಅಮಾವಾಸ್ಯೆ. ಎಂದಿನಂತೆ ಮೋಟಾರು ತೊಳೆದಾಗಿತ್ತು. ನಾನು ಲಂಗ ಎತ್ತಿಕಟ್ಟಿ ಮೂತಿಯ ಕೆಳಗೆ ಕೂತು ಕೈ ತೂರಿಸಿದೆ. ಗೆಣ್ಣಿನ ತನಕ ಹೋಗಿ ನಿಂತಿತು. ಒತ್ತಿದೆ, ತಿರುಗಿಸಿದೆ, ಚರ್ಮ ಕಿತ್ತು ರಕ್ತ ಬಂತು, ಒಳಗೆ ಹೋಗಲಿಲ್ಲ. ನನಗೆ ಆಯಿಯ ಕೈ ಬಂದಿತ್ತು, ಅಗಲವಾದ ದುಂಡನೆಯ ಕೈ. ಒಂದು ಬೇಸಿಗೆಯಲ್ಲಿ ಬೆಳೆದುಬಿಟ್ಟಿತ್ತು.

"ನಿನ್ನ ಕೈ ದೊಡ್ಡದಾತ ಬಿಡ ಮಗಳ," ಎಂದು ಅಪ್ಪ ನಕ್ಕ. ಅಷ್ಟರಲ್ಲಿ ನೀಲವ್ವ ಕೊಡ ಹೊತ್ತು ಒಳಗೆ ಬಂದಳು. ಅವಳ ಕೈ ಉದ್ದ, ತೆಳ್ಳಗೆ. ಅಪ್ಪನ ಕಣ್ಣು ಅಲ್ಲಿಗೇ ಹೋಯಿತು.

"ಏ, ಕೊಡ ಇಳಿಸಿ ಒಂಚೂರ ಇಲ್ಲಿ ಬಾ."

ಹೊಸ ಮದುವೆಯ ಹಸಿರು ಬಳೆ ಅವಳ ಮುಂಗೈ ತುಂಬ ಇದ್ದವು. ಅವನ್ನು ತೆಗೆಯುವ ಮಾತೇ ಇಲ್ಲ. ಮುತ್ತೈದೆ, ಅದೂ ಅಮಾವಾಸ್ಯೆ, ಅದೂ ಪೂಜೆಯ ಹೊತ್ತು. ಬಳೆ ತೆಗಿ ಎಂದರೆ ಆಯಿ ಮನೆ ಎತ್ತಿ ಹಾಕುತ್ತಿದ್ದಳು. ಅಂಗೈ ಒಳಗೆ ಹೋಯಿತು, ಬಳೆಗಳು ಹೊರಗೆ ಉಳಿದು ಕಬ್ಬಿಣದ ತೊಲೆಗೆ ಒರಗಿ ನಿಂತವು. ಅಪ್ಪ ಪೆಟ್ಟಿಗೆಯ ಭುಜ ಹಿಡಿದು ಅಲ್ಲಾಡಿಸಿದ. ಘಲ್ ಎಂದವು. ಮತ್ತೆ ಅಲ್ಲಾಡಿಸಿದ, ಮತ್ತೆ ಘಲ್. ಅಪ್ಪನ ಮುಖದಲ್ಲಿ ಅಂಥ ನಗೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ನೋಡ ಇಲ್ಲಿ! ನೀ ಹೇಳೂದ ಬ್ಯಾಡ, ನಿನ್ನ ಬಳೀನ ಹೇಳಾಕತ್ತಾವು! ಸಡಲ ಆಗೈತಿ, ಹೌದಿಲ್ಲೋ?"

ಅವಳು ತಲೆ ತಗ್ಗಿಸಿ, "ಹೌದ ಅನಸತೈತ್ರಿ" ಎಂದಳು. ಅವಳಿಗೇನು ಗೊತ್ತಿತ್ತು? ಏನನ್ನು ಮುಟ್ಟಿ ನೋಡಬೇಕೆಂದು ಅವಳಿಗೆ ಯಾರೂ ಹೇಳಿಯೇ ಇರಲಿಲ್ಲ. ನಾನು ವಿಭೂತಿಯ ಬಟ್ಟಲು ಹಿಡಿದು ಪಕ್ಕದಲ್ಲಿದ್ದೆ. ಅಪ್ಪ ಹಿಡಿದು ಅಲ್ಲಾಡಿಸಿದರೆ ಪೆಟ್ಟಿಗೆಯೊಂದೇ ಅಲ್ಲ, ಮೋಟಾರಿನ ಮೂತಿಯೆಲ್ಲ ತೂಗುತ್ತಿತ್ತು, ದೀಪ ತೂಗುತ್ತಿತ್ತು, ತೊಲೆ ತೂಗುತ್ತಿತ್ತು. ಬಳೆ ಸಪ್ಪಳ ಮಾಡದೆ ಏನು ಮಾಡಿಯಾವು?

"ಅಪ್ಪಾ, ಇಡೀ ಮೋಟಾರನ ಅಳ್ಳಾಡತೈತಿ. ಅದಕ್ಕ ಬಳಿ ಸಪ್ಪಳಾಗತಾವು. ಪೆಟ್ಟಿಗಿ ಕಾಲ ಸಡಲ ಇಲ್ಲ."

"ಗಪ್ ನಿಂದರು. ನಿನ್ನ ಕೈ ಹೋಗಲಿಲ್ಲಂತ ಹೊಟ್ಟಿಕಿಚ್ಚು ನಿನಗ."

ಅದು ಖರೆಯೇ. ಅದೇ ಕೇಡು. ನನ್ನ ಹೊಟ್ಟೆಕಿಚ್ಚೂ ಖರೆ, ನನ್ನ ಮಾತೂ ಖರೆ. ಆದರೆ ಎರಡನ್ನೂ ಒಂದೇ ಬಾಯಿಂದ ಕೇಳಿದವರು ಒಂದನ್ನು ಮಾತ್ರ ನಂಬಿದರು. ಅಪ್ಪ ಪಾನಾ ಹಾಕಿ, ಅವಳು ಬೆರಳಿಟ್ಟಿದ್ದ ಎಡಗಾಲಿನ ನಟ್ಟು ಬಿಗಿದ. ಮುಂದಿನ ಅಮಾವಾಸ್ಯೆಗೂ ಬಳೆ ಘಲ್ ಎಂದವು, ಇನ್ನಷ್ಟು ಬಿಗಿದ. ಬಿಗಿದಂತೆಲ್ಲ ಸಪ್ಪಳ ಕಡಿಮೆಯಾಯಿತೆಂದು ಅವನಿಗೆ ಅನಿಸುತ್ತಿತ್ತು. ಬಳೆಯ ಮೇಲೆ ಅಷ್ಟು ವಿಶ್ವಾಸ.

ಕುಷ್ಟಗಿ ಕಚೇರಿಗೆ ಹೊರಟ ವಕೀಲರೊಬ್ಬರನ್ನು ಕೂರಿಸಿಕೊಂಡು ಹೋದಾಗ ನಡುದಾರಿಯ ಹಳ್ಳದಲ್ಲಿ ಪೆಟ್ಟಿಗೆಯ ತಳ ಬಿಟ್ಟಿತು. ಹಬೆ ಎದ್ದಿತು, ನೀರೆಲ್ಲ ಹರಿಯಿತು, ವಕೀಲರು ಕೋಟು ಹೆಗಲಿಗೆ ಹಾಕಿಕೊಂಡು ಬಿಸಿಲಲ್ಲಿ ನಡೆದರು. ಯಾರದೋ ಎತ್ತು ಕಟ್ಟಿ ಎಳೆಸಿಕೊಂಡು ಅಪ್ಪ ಸಂಜೆಗೆ ಊರು ಸೇರಿದ. ಎತ್ತು ಮಾರಿ ತಂದ ಮೋಟಾರನ್ನು ಎತ್ತುಗಳೇ ಎಳೆದು ತಂದವು ಎಂದು ಓಣಿಯವರು ನಕ್ಕರು. ಅಪ್ಪ ಪೆಟ್ಟಿಗೆಯನ್ನು ಬಿಚ್ಚಿ ಗಂಗಾವತಿಗೆ ಒಯ್ದು, ಪಾತ್ರೆಗೆ ಕಲಾಯಿ ಹಾಕುವವನ ಕೈಯಲ್ಲಿ ಬೆಸುಗೆ ಹಾಕಿಸಿ ತಂದು ಕೂರಿಸಿ, ಅವಳ ಬೆರಳು ಇಡಿಸಿ, ಮತ್ತಷ್ಟು ಬಿಗಿದ. ಈ ಸಲ ಯಲಬುರ್ಗಿಯ ದಾರಿಯಲ್ಲಿ ಅದೇ ಜಾಗದಲ್ಲಿ ಬಿಟ್ಟಿತು. ಅವ್ವ ಸಾರಿಸಿದ ನೆಲದಲ್ಲಿ ದಿನಾ ಕಪ್ಪನೆಯ ಒದ್ದೆ.

ಆಗ ಆಯಿ ಬಾಯಿ ತೆರೆದಳು. ಮಧ್ಯಾಹ್ನ ಪಡಸಾಲೆಯಲ್ಲಿ ಹತ್ತಿ ಬಿಡಿಸುತ್ತ ಕೂತವಳು, ಎಲ್ಲರಿಗೂ ಕೇಳುವಂತೆ ಅಂದಳು.

"ಅಕಿ ಕಾಲಿಟ್ಟ ಮ್ಯಾಲೆ ಮೋಟಾರ್ ನೆಟ್ಟಗ ಒಂದ ಊರ ಮುಟ್ಟಿಲ್ಲ. ಕಾಲ್ಗುಣ ನೋಡಬೇಕಪ್ಪ ಮನಿಗೆ ತರೂಮುಂದ. ಈ ಅಮಾಸಿ ಪೂಜಿಗೆ ಅಕಿ ಇರೂದು ಬ್ಯಾಡ. ತವರಿಗೆ ಕಳಸ್ರಿ. ಮುಂದ ಕರಸೂದೋ ಬಿಡೂದೋ ಆಮ್ಯಾಲೆ ನೋಡೂಣು."

ಅವ್ವ ಬೀಸುವ ಕಲ್ಲಿನ ಗೂಟ ಹಿಡಿದವಳು ಹಾಗೇ ಕೈ ನಿಲ್ಲಿಸಿದಳು. ಅತ್ತೆಗೆ ಎದುರಾಡಿದವಳಲ್ಲ. ನೀಲವ್ವ ಅಡಿಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಬಳೆಗಳನ್ನು ಒಂದೊಂದಾಗಿ ಸರಿಸುತ್ತಿದ್ದಳು. ಕಾಲ್ಗುಣ ಕೆಟ್ಟದ್ದೆಂದು ಕಳಿಸಿದ ಹೆಣ್ಣನ್ನು ತವರಿನವರು ಹೇಗೆ ಒಳಗೆ ಕರೆದುಕೊಳ್ಳುತ್ತಾರೆ, ಓಣಿಯವರು ಏನೆನ್ನುತ್ತಾರೆ, ಮುಂದೆ ಎಷ್ಟು ವರ್ಷ ಹಾಗೆ ಮೂಲೆಯಲ್ಲಿ ಕೂರಬೇಕಾಗುತ್ತದೆ, ಅದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಅಪ್ಪ ಗೋದಲಿಯ ಹತ್ತಿರ ಪಾನಾ ಒರೆಸುತ್ತಲೇ ಇದ್ದ. ಅವನೂ ಒಳಗೊಳಗೆ ನಂಬಿದ್ದನೋ ಏನೋ.

ನನಗೆ ಸಂತೋಷವಾಯಿತು. ಸುಳ್ಳು ಹೇಳಲಾರೆ. ಆ ದಿನ ಎರಡು ರೊಟ್ಟಿ ಹೆಚ್ಚು ತಿಂದೆ. ಅವ್ವ ಮತ್ತೆ ನನ್ನವಳು, ಅಪ್ಪ ಮತ್ತೆ ನನ್ನವನು ಎಂದುಕೊಂಡು ಪುಂಡಿಪಲ್ಯ ಸುರುವಿಕೊಂಡೆ. ಆದರೆ ಸಂಜೆ ಆಯಿ ಕಟ್ಟೆಗೆ ಬಂದ ಹೆಂಗಸರ ಮುಂದೆ ಅದನ್ನೇ ಮತ್ತೆ ಹೇಳುತ್ತಿದ್ದಳು. ನೀಲವ್ವ ಬಂದಳು, ನೀರಿನ ಪೆಟ್ಟಿಗೆ ಒಡೆಯಿತು. ನೀಲವ್ವ ಹೊಸ್ತಿಲು ತುಳಿದಳು, ವಕೀಲರು ನಡೆದರು. ಎಲ್ಲದರಲ್ಲೂ ನೀಲವ್ವ. ಕೇಳಿ ಕೇಳಿ ನನ್ನ ಹೊಟ್ಟೆ ಹೊಸದಾಗಿ ಉರಿಯಿತು. ಅಪ್ಪನನ್ನು ತೆಗೆದುಕೊಂಡಳು, ಅವ್ವನನ್ನು ತೆಗೆದುಕೊಂಡಳು, ಬೆರಳಿಡುವ ನನ್ನ ಜಾಗ ತೆಗೆದುಕೊಂಡಳು. ಈಗ ಮೋಟಾರು ಕೆಟ್ಟದ್ದೂ ಅವಳಿಂದಲೇ ಆಗಬೇಕೆ? ಬರೀ ಕಾಲಿಟ್ಟರೆ ಕಬ್ಬಿಣ ಒಡೆಯುವಷ್ಟು ದೊಡ್ಡವಳೇ ಅವಳು? ಕೆಟ್ಟದ್ದು ಯಾಕೆಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳು. ನಾನು ಎದ್ದುನಿಂತೆ.

"ಕಾಲ್ಗುಣನೂ ಇಲ್ಲ, ಏನೂ ಇಲ್ಲ. ಅಕಿ ಕಾಲಿಗೆ ಅಷ್ಟ ತಾಕತ್ತ ಎಲ್ಲಿಂದ ಬರಬೇಕ ಆಯಿ? ಅಪ್ಪ ನಟ್ಟ ಬಿಗದು ಬಿಗದು ಒಳಗಿನ ರಬ್ಬರ ಸಾಯಿಸ್ಯಾನ. ಅದಕ್ಕ ಉಸರಾಡಾಕ ಜಾಗ ಇಲ್ಲ. ದಾರಿ ಕಲ್ಲಿನ ಹೊಡತ ಬಿದ್ರ ಸೀದಾ ಪೆಟ್ಟಿಗಿಗೆ ಬೀಳತೈತಿ."

ಕಟ್ಟೆಯ ಮೇಲಿನ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅಪ್ಪ ಅಂಕಣದಿಂದ ಹೊರಗೆ ಬಂದ.

"ಏನಂದಿ?"

"ರಬ್ಬರ ಸತ್ತೈತಿ ಅಂದೆ."

"ನಿನ್ನ ಕೈಯಂತೂ ಒಳಗ ಹೋಗೂದಿಲ್ಲ. ನಿನಗೆಂಗ ಗೊತ್ತು?"

"ಅಕಿ ಕೈ ಹೋಗತೈತಲ್ಲ. ಅಕೀನ ಮುಟ್ಟಿ ಹೇಳಲಿ."

"ಅಕಿಗೆ ತಿಳಿಯೂದಿಲ್ಲ."

"ನಾ ಕಲಸ್ತೀನಿ."

ಮಾತು ಬಾಯಿಂದ ಹೊರಗೆ ಬಂದ ಮೇಲೆ ನಾನೇನು ಅಂದೆನೆಂದು ನನಗೆ ತಿಳಿಯಿತು. ನನ್ನ ಹತ್ತಿರ ಉಳಿದಿದ್ದದ್ದು ಅದೊಂದೇ. ಅದನ್ನೂ ಅವಳಿಗೆ ಕೊಡುತ್ತೇನೆಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡಿದ್ದೆ. ಅಪ್ಪ "ಅಮಾಸಿ ಮುಂಜಾನೆ ನೋಡೂಣು. ಅಲ್ಲೀತನಕ ಅಕಿ ಇರಲಿ" ಎಂದ. ಆಯಿ ಮುಖ ತಿರುಗಿಸಿದಳು.

ಮಾರನೆಯ ದಿನ ಬಚ್ಚಲ ಕಲ್ಲಿನ ಹತ್ತಿರ ಅವಳು ಪಾತ್ರೆ ತೊಳೆಯುತ್ತಿದ್ದಾಗ ಹೋದೆ. ಹೇಗೆ ಕಲಿಸುವುದು? ಬೆರಳಿಗೆ ಗೊತ್ತಿದ್ದದ್ದು ಬಾಯಿಗೆ ಬರುತ್ತಿರಲಿಲ್ಲ. ನನ್ನ ಹಿಂದಿನ ಒಂದು ಹಾಲುಹಲ್ಲು, ಕೊನೆಯದು, ಅಳ್ಳಾಡುತ್ತಿತ್ತು. ಅದು ನೆನಪಾಯಿತು. ಬಾಯಿ ತೆರೆದು, "ಬೆರಳ ಇಡು" ಎಂದೆ.

"ಹಲ್ಲ ಕೀಳಲೇನ?"

"ಕೀಳಬ್ಯಾಡ. ಅಳ್ಳಾಡಿಸಿ ನೋಡು. ಬುಡದಾಗ ಟಕ್ ಟಕ್ ಅಂತೈತಿಲ್ಲ? ಅದು ಸಡಲ. ಈಗ ಅದರ ಬಾಜೂಕ ಒಸಡ ಒತ್ತು. ಮೆತ್ತಗ ಹೋಗಿ ಮೆತ್ತಗ ಬರತೈತಿಲ್ಲ? ಹಂಗ ಇರಬೇಕ ರಬ್ಬರ. ಈಗ ಹಲ್ಲ ಕಚ್ಚತೀನಿ, ದವಡಿ ಮ್ಯಾಲೆ ಕೈ ಇಡು. ಕಲ್ಲಾತಿಲ್ಲ? ಹೋಗೂದೂ ಇಲ್ಲ, ಬರೂದೂ ಇಲ್ಲ. ಅದು ಸತ್ತದ್ದು."

ಅವಳು ಮತ್ತೊಮ್ಮೆ ನನ್ನ ಬಾಯೊಳಗೆ ಬೆರಳಿಟ್ಟಳು, ಕಣ್ಣು ಮುಚ್ಚಿಕೊಂಡು, ಮೂರನ್ನೂ ಒಂದಾದ ಮೇಲೊಂದು. ಬೇಗ ಕಲಿತಳು. ಅಷ್ಟು ಬೇಗ ಕಲಿತದ್ದು ನೋಡಿ ತಡೆಯಲಾರದೆ ಕಚ್ಚಿದೆ. ಗಟ್ಟಿಯಾಗಿಯೇ.

"ಯವ್ವಾ! ನಾಯಿ ಆಗಿಯೇನ?" ಎಂದು ಬೆರಳು ಕೊಡವಿಕೊಂಡಳು. ಆಮೇಲೆ ನಕ್ಕುಬಿಟ್ಟಳು. ಮದುವೆಯಾಗಿ ಬಂದ ಮೇಲೆ ನನ್ನೊಡನೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ನಾನು ನಗಲಿಲ್ಲ. ಆದರೆ ಅಲ್ಲಿಂದ ಎದ್ದೂ ಹೋಗಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ನಾನೇ ಅವಳ ಬಳೆಗಳನ್ನು ಮೊಳಕೈವರೆಗೆ ಸರಿಸಿ ಹಳೆಯ ಸೀರೆಯ ಅಂಚಿನಿಂದ ಬಿಗಿಯಾಗಿ ಸುತ್ತಿದೆ. ಒಂದನ್ನೂ ತೆಗೆದಿರಲಿಲ್ಲ, ಆಯಿಗೆ ಅನ್ನುವುದಕ್ಕೆ ಏನೂ ಸಿಗಲಿಲ್ಲ. ಅಪ್ಪ ಅಲ್ಲಾಡಿಸಿದ. ಸಪ್ಪಳವೇ ಇಲ್ಲ. ಅವಳು ಕಣ್ಣು ಮುಚ್ಚಿದ್ದಳು.

"ಎಡಗಡೆ ಕಾಲು ಕಲ್ಲ ಆಗೈತ್ರಿ. ಹೋಗೂದೂ ಇಲ್ಲ, ಬರೂದೂ ಇಲ್ಲ." ಆಮೇಲೆ ಆಚೆ ಸರಿದು ಕೂತು ಬಲಗಡೆ ಕೈ ಹಾಕಿದಳು. "ಇದು ಬ್ಯಾರೆ ಐತ್ರಿ. ಟಕ್ ಟಕ್ ಅಂತೈತಿ. ಪಾರಿ ಹಲ್ಲಿನಂಗ."

ಬಲಗಡೆಯದು ನನಗೂ ಗೊತ್ತಿರಲಿಲ್ಲ. ಅಪ್ಪ ಎರಡೂ ನಟ್ಟು ಬಿಚ್ಚಿ ಪೆಟ್ಟಿಗೆ ಎತ್ತಿದ. ಎಡಗಾಲಿನ ರಬ್ಬರು ಹಪ್ಪಳದಂತೆ ಚಪ್ಪಟೆಯಾಗಿ, ಒಣಗಿದ ರೊಟ್ಟಿಯ ಅಂಚಿನಂತೆ ಬಿರಿದಿತ್ತು. ಬಲಗಾಲಿನದು ಸವೆದು ಅರ್ಧವೇ ಉಳಿದು, ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಅಲ್ಲಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅಪ್ಪ ಅವೆರಡನ್ನೂ ಅಂಗೈಯಲ್ಲಿಟ್ಟುಕೊಂಡು ಆಯಿಯ ಹತ್ತಿರ ಹೋಗಿ ತೋರಿಸಿದ.

"ನೋಡಬೇ. ಕಾಲ್ಗುಣ ಇದು."

ಆಯಿ ಅದನ್ನು ಮೂಸಿ ನೋಡಿದಳು. "ಅಕಿ ಕಾಲ್ಗುಣ ಕೆಟ್ಟದ್ದಂತ ಯಾರಂದ್ರ? ಛಲೋ ಕಾಲ್ಗುಣ ಇದ್ದದ್ದಕ್ಕ ಇದು ಇವತ್ತರ ಸಿಕ್ತು," ಎಂದು ಜಗುಲಿಯ ಕಡೆ ತಿರುಗಿದಳು. ಅವ್ವ ನಗು ತಡೆಯಲು ಒಳಗೆ ಓಡಿದಳು. ಅಪ್ಪ ಹಳೆಯ ಟಯರಿನಿಂದ ಎರಡು ತುಂಡು ಕೊಯ್ದು ಕೂರಿಸಿ, ನಟ್ಟನ್ನು ತಾಗುವಷ್ಟು ಮಾತ್ರ ಬಿಗಿದು, ಅಲ್ಲಿಗೇ ಪಾನಾ ತೆಗೆದ. ಈಗ ಮತ್ತೆ ನೋಡಬೇಕು. ನೀಲವ್ವ ಬಲಗೈ ಸಂದಿಯೊಳಗೆ ತೂರಿಸಿದಳು. ನಾನು ಪಕ್ಕದಲ್ಲಿ ಕುಕ್ಕರಿಸಿದ್ದೆ. ಅವಳು ಎಡಗೈಯಿಂದ ನನ್ನ ಮುಂಗೈ ಹಿಡಿದುಕೊಂಡಳು. ಅಪ್ಪ ಅಲ್ಲಾಡಿಸಿದ. ಅವಳ ಎಡಗೈ ನನ್ನ ಕೈಯನ್ನು ಮೆತ್ತಗೆ ಒತ್ತಿತು, ಮೆತ್ತಗೆ ಬಿಟ್ಟಿತು. ಒತ್ತಿತು, ಬಿಟ್ಟಿತು. ಒಳಗಿನ ಬೆರಳಿಗೆ ಏನಾಗುತ್ತಿತ್ತೋ ಅದನ್ನೇ ನನಗೆ ಕೊಡುತ್ತಿದ್ದಳು.

"ಏನಂತೈತಿ?" ಎಂದು ಮೇಲಿಂದ ಅಪ್ಪ ಕೇಳಿದ. ಯಾರನ್ನು ಕೇಳಿದನೆಂದು ಗೊತ್ತಾಗಲಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. ಅವ್ವ ಮೆಟ್ಟಿಲ ಮೇಲೆ ಆರತಿ ಹಿಡಿದು ನಿಂತಿದ್ದಳು.

"ಕುಂತೈತಪ್ಪ," ಎಂದೆ.

ಅವ್ವ ದೀಪ ಹೊತ್ತಿಸಿದಳು. ಅಪ್ಪ ಪೆಟ್ಟಿಗೆಯ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದ. ಮಿಕ್ಕಿದ್ದನ್ನು ನೀಲವ್ವ ಬಟ್ಟಲಿನಿಂದ ತೆಗೆದು ನನ್ನ ಹಣೆಗೆ ಹಚ್ಚಿದಳು. ನಾನು ಕಚ್ಚಿದ ಗುರುತು ಅವಳ ಬೆರಳ ಮೇಲೆ ಇನ್ನೂ ಕೆಂಪಗಿತ್ತು. ಹೊಟ್ಟೆಕಿಚ್ಚು ಹೋಯಿತೆಂದು ಬರೆದರೆ ಶಿವ ಮೆಚ್ಚುವುದಿಲ್ಲ. ಆ ಮಾತು ಮತ್ತೆ ನನ್ನದಾಗಿತ್ತು, ಆದರೆ ಅವಳ ಕೈಯಿಂದ ಬಂದಿತ್ತು. ಆ ಮಧ್ಯಾಹ್ನ ಹೋಳಿಗೆ ಊಟಕ್ಕೆ ಕೂತಾಗ ಕೊನೆಯ ಹಲ್ಲು ತಾನಾಗಿಯೇ ಅಳ್ಳಾಡಿ ನಾಲಿಗೆಯ ಮೇಲೆ ಬಿತ್ತು. ಅವ್ವನ ಕಡೆ ನೋಡಿದೆ, ಅವಳು ಬಡಿಸುತ್ತಿದ್ದಳು. ಎದ್ದು ಅಡಿಗೆಮನೆಗೆ ಹೋಗಿ ಆ ಹಲ್ಲನ್ನು ನೀಲವ್ವನ ಅಂಗೈಯಲ್ಲಿಟ್ಟೆ. ಅವಳು ಹಿತ್ತಲಿಗೆ ಹೋಗಿ, ಸೆಗಣಿಯಲ್ಲಿಟ್ಟು, ಮಾಳಿಗೆಯ ಮೇಲೆ ಎಸೆದು ಬಂದಳು. ಆಮೇಲೆ ಡಬ್ಬಿ ತೆರೆದು ಬೆಲ್ಲದ ಚೂರೊಂದನ್ನು ಮುರಿದಳು. ನಾನು ಕೈ ಒಡ್ಡಿದೆ.